ಕಾದಂಬರಿಗಳಿಗೆ ನಾವು ಕೊಡುವ ಅಂಕಗಳು

(ಸಂಘದ ವಾರ್ಷಿಕೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ಕನ್ನಡ ಕಾದಂಬರಿಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆಯಿತ್ತಿದ್ದಾರೆ. ಕಾದಂಬರಿಯ ಲಕ್ಷಣ, ಉಗಮ, ವಿಕಾಸ ಎಂದು ಮೊದಲುಮಾಡಿದರೆ ಹಿಂದಿನ ಸಾಲುಗಳು ಬರಿದಾಗುವುವೆಂಬುದನ್ನು ಬಲ್ಲೆವು. ಆದುದರಿಂದ ಉಪಾಧ್ಯಾಯ ವೃತ್ತಿಗೆ ಸಹಜವಾದ ದಾರಿಯನ್ನೇ ಹಿಡಿದಿದ್ದೇವೆ. ಆರು ಕಾದಂಬರಿಗಳನ್ನು ಮುಂದಿಟ್ಟುಕೊಂಡು ಒಂದೊಂದಕ್ಕೂ ನೂರಕ್ಕೆ ಇಷ್ಟು ಎಂದು ಅಂಕಗಳನ್ನು ಕೊಡುತ್ತೇವೆ. ಅಂಕಗಳು ನಮ್ಮವು, ಒಪ್ಪುವುದೂ ಬಿಡುವುದೂ ತಮ್ಮದು.

ಮಹಾಕೃತಿಗಳಿಗೆ ಅಂಕ ಕೊಡುವುದು ಉದ್ಧಟತನವೆಂದು ಕೆಲವರಿಗೆ ತೋರಬಹುದು. ಆದರೆ ಗಡಿನಾಡಿನವರಾದ ನಮ್ಮಲ್ಲಿ ಒಂದು ಅಭ್ಯಾಸ ಬೇರೂರಿದೆ. 1956ನೆಯ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡವನ್ನು ಉಳಿಸಿಕೊಳ್ಳುವುದೇ ನಮ್ಮ ಚಿಂತೆಯಾಯಿತು. ಚಿಂತೆ ನ್ಯಾಯವಾದುದೇ. ಆದರೆ ಅದರ ಫಲವಾಗಿ, ಕನ್ನಡದ ಪುಸ್ತಕವೆಂದರೆ ಸಾಕು, ಕಣ್ಣಿಗೊತ್ತಿಕೊಂಡು ಕಪಾಟಿನಲ್ಲಿಡುತ್ತೇವೆ. ಹೆತ್ತವರಿಗೆ ಹೆಗ್ಗಣ ಮುದ್ದೆಂಬಂತೆ ಎಲ್ಲವನ್ನೂ ಹೊಗಳುತ್ತೇವೆ. ಎಲ್ಲವನ್ನೂ ಹೊಗಳುವವನಿಗೆ ಯಾವುದನ್ನೂ ಓದಬೇಕಾದ ಅಗತ್ಯವೇ ಬೀಳುವುದಿಲ್ಲ. ಮಕ್ಕಳು ಇದನ್ನು ಬೇಗ ಅರಿಯುತ್ತಾರೆ. ನಾವು ಕೊಂಡಾಡಿದ ಪುಸ್ತಕವನ್ನು ಪರೀಕ್ಷೆಗೆಂದು ಓದಿ, ಮನಸ್ಸಿಗೆ ಹಿಡಿಸುವ ಕಥೆಯನ್ನು ಬೇರೆ ಕಡೆ ಹುಡುಕುತ್ತಾರೆ. ತಕಳಿಯವರ ‘ಚೆಮ್ಮೀನ್’ನಂತಹ ಕೃತಿ ನೆರೆಯ ಭಾಷೆಯಲ್ಲಿರುವಾಗ ಕನ್ನಡ ಕಾದಂಬರಿಯು ಅಭಿಮಾನದ ಬಲದಿಂದಲ್ಲ, ತನ್ನ ಗುಣದಿಂದಲೇ ಅವರ ಮನಸ್ಸನ್ನು ಗೆಲ್ಲಬೇಕು.

ನಮ್ಮ ಅಳತೆಗೋಲು ಇದು: ಪಾತ್ರಗಳು ಜೀವಂತ ಮನುಷ್ಯರಂತೆ ನಡೆದುಕೊಂಡರೆ 40, ಭಾಷೆ ಆ ಮಣ್ಣಿಗೂ ಆ ಜನಕ್ಕೂ ಒಪ್ಪಿದರೆ 30, ಎರಡನೆಯ ಓದಿನಲ್ಲೂ ಹೊಸದೇನನ್ನಾದರೂ ಕೊಟ್ಟರೆ 30.

ಮೊದಲನೆಯದು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. 1899ರಲ್ಲಿ ಮಂಗಳೂರಿನಿಂದ ಹೊರಬಂದ ಇದನ್ನು ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಎಣಿಸುತ್ತಾರೆ. ಎಳೆಯ ವಿಧವೆಯೊಬ್ಬಳು ಮನೆಯನ್ನು ತೊರೆದು, ವಿದ್ಯೆ ಕಲಿತು, ಮರುಮದುವೆಯಾಗುವ ಕಥೆಯನ್ನು ಆ ಕಾಲದಲ್ಲಿ ಬರೆಯುವುದಕ್ಕೆ ಎದೆಗಾರಿಕೆ ಬೇಕಿತ್ತು. ಆದರೆ ಎದೆಗಾರಿಕೆಗೆ ಗೌರವ ಸಲ್ಲಬೇಕು. ಅಂಕ ಸಲ್ಲಬೇಕಾದುದು ಕೃತಿಗೆ. ಇಲ್ಲಿ ಸಜ್ಜನರು ಕೇವಲ ಸಜ್ಜನರು, ದುರ್ಜನರು ಕೇವಲ ದುರ್ಜನರು. ನಮ್ಮ ಅಂಕ 56.

ಎರಡನೆಯದು ಶಿವರಾಮ ಕಾರಂತರ ‘ಚೋಮನ ದುಡಿ’ (1933). ಕೊಟ್ಟಿಗೆಯಲ್ಲಿ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಆದರೂ ಹುಟ್ಟಿದ ಜಾತಿಯ ಕಾರಣದಿಂದ ಚೋಮನಿಗೆ ಬೇಸಾಯದ ಭೂಮಿ ದೊರೆಯದು. ಕಾರಂತರು ಅವನಿಗಾಗಿ ಒಂದು ಕಡೆಯೂ ಗೋಳಾಡುವುದಿಲ್ಲ. ಅವನ ಕೈಗೆ ದುಡಿಯನ್ನು ಕೊಟ್ಟು ತಾವು ಹಿಂದೆ ಸರಿಯುತ್ತಾರೆ. ಕಾಫಿ ತೋಟದ ಸಾಲದ ಭಾಗಗಳು ಮಾತ್ರ ಅವಸರದಲ್ಲಿ ಸಾಗಿವೆ. 88 ಅಂಕಗಳು.

ಮೂರನೆಯದು ನಿರಂಜನರ ‘ಚಿರಸ್ಮರಣೆ’ (1955). ಇದು ನಮ್ಮ ಜಿಲ್ಲೆಯ ಕಥೆ. ತೇಜಸ್ವಿನೀ ಹೊಳೆಯ ದಡದ ಕಯ್ಯೂರಿನಲ್ಲಿ 1941ರಲ್ಲಿ ನಡೆದ ರೈತರ ಹೋರಾಟ, 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ನಾಲ್ವರು ಗಲ್ಲಿಗೇರಿದುದು—ಇದೇ ಅದರ ವಸ್ತು. ನಮ್ಮ ಊರಿನದೆಂದು ಹತ್ತು ಅಂಕಗಳನ್ನು ಹೆಚ್ಚು ಕೊಡಬಾರದೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಕೊಡಬಾರದು. ಹುಡುಗರಾದ ಅಪ್ಪು, ಚಿರುಕಂಡರು ಮಾಸ್ತರರ ಮಾತು ಕೇಳುತ್ತಾ ಕಣ್ದೆರೆಯುವ ಪುಟಗಳು ನಿಜವಾಗಿಯೂ ಸೊಗಸಾಗಿವೆ. ಕೊನೆಯ ಭಾಗ ಗಂಟಲನ್ನು ಕಟ್ಟಿಸುತ್ತದೆ. ಆದರೆ ಜಮೀನ್ದಾರರ ಒಳಮನಸ್ಸಿಗೆ ಲೇಖಕರು ಇಳಿಯುವುದೇ ಇಲ್ಲ. ಎದುರಾಳಿಯನ್ನು ಅರಿಯದ ಕಾದಂಬರಿ ಅರ್ಧ ಕುರುಡು. ನಮ್ಮ ಅಂಕ 72. ಹುತಾತ್ಮರಿಗೆ ತಲೆಬಾಗುವುದು ಬೇರೆ, ಪುಸ್ತಕವನ್ನು ತೂಗುವುದು ಬೇರೆ.

ನಾಲ್ಕನೆಯದು ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ (1965). ಮನೆಮನೆಗಳಲ್ಲಿ ಇದಕ್ಕಾಗಿ ಜಗಳಗಳಾಗಿವೆ. ಅದೇ ಇದರ ಶಕ್ತಿ. ಶ್ರೀನಿವಾಸ ಶ್ರೋತ್ರಿಗಳು ತಮ್ಮ ಜನ್ಮದ ಗುಟ್ಟನ್ನು ತಿಳಿಯುವ ಸಂದರ್ಭಕ್ಕೆ ಸಮನಾದುದು ಕನ್ನಡದಲ್ಲಿ ವಿರಳ. ಆದರೆ ಮರುಮದುವೆಯಾದ ಕಾತ್ಯಾಯನಿಗೆ ಗರ್ಭಪಾತದ ಮೇಲೆ ಗರ್ಭಪಾತ ಬಂದೊದಗುವಾಗ, ಅದು ವಿಧಿಯ ಕೈವಾಡವೋ ಲೇಖಕರ ಕೈವಾಡವೋ ಎಂಬ ಸಂದೇಹ ಏಳುತ್ತದೆ. ತಕ್ಕಡಿಯ ಒಂದು ತಟ್ಟೆಯ ಮೇಲೆ ಲೇಖಕರ ಬೆರಳು ಊರಿದೆ. 78 ಅಂಕಗಳು.

ಐದನೆಯದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಮೊದಲ ಅಧ್ಯಾಯಗಳಲ್ಲಿ ಹೆಸರುಗಳ ಜಾತ್ರೆಯೇ ನೆರೆದು ಓದುಗನಿಗೆ ದಿಕ್ಕು ತಪ್ಪುವುದು ನಿಜ. ಒಂದು ಕಾಗದದ ಮೇಲೆ ಮನೆತನಗಳನ್ನು ಬರೆದಿಟ್ಟುಕೊಂಡು ಓದಿರೆಂದು ನಮ್ಮ ಸಲಹೆ. ನೂರು ಪುಟ ದಾಟಿದ ಮೇಲೆ ಕಾಡು ನಮ್ಮನ್ನು ಬಿಡುವುದಿಲ್ಲ. ಗುತ್ತಿಯ ನಾಯಿ ಹುಲಿಯ ಇಲ್ಲಿ ಯಾವ ಗೌಡನಿಗೂ ಕಡಿಮೆಯ ಪಾತ್ರವಲ್ಲ. ತುಂಗೆಯ ಪ್ರವಾಹದಲ್ಲಿ ಅದನ್ನು ಕಳೆದುಕೊಂಡ ದುಃಖ ಓದುಗನದೂ ಆಗುತ್ತದೆ. ಅತಿ ಕೆಳಗಿನವನ ಮನಸ್ಸಿಗೂ ಲೇಖಕರು ದೀಪ ಹಿಡಿದು ಹೋಗಿದ್ದಾರೆ. 95 ಅಂಕಗಳು, ನಮ್ಮ ಪಟ್ಟಿಯಲ್ಲಿ ಇದೇ ಮೊದಲನೆಯದು.

ಕೊನೆಯದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಿತು. ತಂದೆಯ ಹಟಕ್ಕೆ ಸಿಲುಕಿ ಗಂಡನಿಂದ ಬೇರ್ಪಟ್ಟ ನಾದಿರಾ, ಮರಳಿ ಅವನನ್ನು ಸೇರಬೇಕಾದರೆ ಪರಪುರುಷನೊಬ್ಬನ ಹೆಂಡತಿಯಾಗಿ ಒಂದು ರಾತ್ರಿ ಕಳೆಯಬೇಕೆಂಬ ಕಟ್ಟಳೆಗೆ ಗುರಿಯಾಗುತ್ತಾಳೆ. ಅವಳು ಸೇರುವುದು ಗಂಡನ ಮನೆಯನ್ನಲ್ಲ, ಮಸೀದಿಯ ಕೆರೆಯನ್ನು. ಅಲಂಕಾರವಿಲ್ಲದ ಮಾತು, ಹೆಂಗಸರ ಒಳಮನೆಯ ಕಣ್ಣಾರೆ ಕಂಡ ಚಿತ್ರ. ತಂದೆಯ ಕೋಪಕ್ಕೆ ಒಳಗಿನ ಕಾರಣ ಸಾಲದಾಗಿದೆ. ಅದಕ್ಕಾಗಿ ಅಂಕ ಕಳೆದಿದ್ದೇವೆ. ಉಳಿದದ್ದು 81.

ಇಲ್ಲಿ ಒಂದು ವಿಷಯವನ್ನು ತಾವು ಗಮನಿಸಬೇಕು. ಚೋಮನ ಮನೆಮಾತು ತುಳು. ಕಯ್ಯೂರಿನ ರೈತರದು ಮಲೆಯಾಳ. ನಾದಿರಾಳ ಮನೆಯಲ್ಲೂ ಕನ್ನಡವಿಲ್ಲ. 1936ರಲ್ಲಿ ಕಾಸರಗೋಡಿನಲ್ಲಿ ಜನಿಸಿದ ಸಾರಾ ಅವರ ಮನೆಮಾತೂ ಮಲೆಯಾಳವೇ. ಕಲಿತದ್ದು ಕನ್ನಡ ಶಾಲೆಯಲ್ಲಿ. 2023ರಲ್ಲಿ ಅವರು ತೀರಿಕೊಂಡಾಗ ಇಡೀ ಕನ್ನಡನಾಡು ನೆನೆದ ಲೇಖಕಿಯನ್ನು ಕೊಟ್ಟದ್ದು ಕಾಸರಗೋಡಿನ ಕನ್ನಡ ಶಾಲೆ. ಕನ್ನಡ ಶಾಲೆಯೆಂದರೆ ಮನೆಯಲ್ಲಿ ಕನ್ನಡವಾಡುವವರ ಸೊತ್ತು ಮಾತ್ರವಲ್ಲ. ಬೇರೆ ಮನೆಮಾತಿನ ಮಗುವೂ ತನ್ನ ನೋವನ್ನು ಲೋಕಕ್ಕೆ ಹೇಳಲು ಕಲಿಯುವ ಜಾಗ. ತರಗತಿಯ ಬೆಂಚುಗಳು ಬರಿದಾದರೆ ನಷ್ಟವಾಗುವುದು ನಾಳೆ ಹುಟ್ಟಬೇಕಾದ ಇಂತಹ ಪುಸ್ತಕ.

ಆದುದರಿಂದ ತಮ್ಮಲ್ಲಿ ಒಂದೇ ಬಿನ್ನಹ. ಪ್ರತಿಯೊಂದು ಮನೆಯಲ್ಲೂ ಒಂದು ನೋಟುಬುಕ್ಕಿರಲಿ. ಓದಿದ ಕಾದಂಬರಿಗೆ ಅಜ್ಜಿ ಕೊಡುವ ಅಂಕ ಒಂದಾದರೆ, ಎಂಟನೆಯ ತರಗತಿಯ ಮೊಮ್ಮಗಳು ಕೊಡುವುದು ಬೇರೊಂದಾಗಲಿ. ನಮ್ಮ 95ನ್ನು ಆಕೆ 40ಕ್ಕೆ ಇಳಿಸಿದರೂ ನಮಗೆ ಸಂತೋಷವೇ. ಏಕೆಂದು ಕಾರಣ ಬರೆದರಾಯಿತು. ಕಾರಣ ಬರೆಯಬೇಕಾದರೆ ಪುಸ್ತಕವನ್ನು ಓದಿರಲೇಬೇಕು. ಕಪಾಟಿನಿಂದ ಪುಸ್ತಕ ಕೆಳಗಿಳಿಯುವುದು ಹಾಗೆಯೇ.