ಪಾತ್ರೆಯ ಮುಚ್ಚಳ ತೆಗೆದು ನೋಡಿದ ಗವರ್ನರ ಪತ್ನಿ



ಗವರ್ನರರ ಪತ್ನಿ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವದು ಔತಣ, ಹೂಮಾಲೆ, ಬಹುಮಾನ ಹಂಚಿಕೆಗಳ ಚಿತ್ರವೇ. ಜನರು ಆರಿಸಿದ್ದು ಪತಿಯನ್ನು, ಪತ್ನಿಗೆ ಅಧಿಕಾರವಿಲ್ಲ. ಹೀಗಿರಲು ಆಕೆಯಿಂದ ಲೋಕಕ್ಕೆ ಆಗುವ ಉಪಯೋಗವೇನು? ಈ ಪ್ರಶ್ನೆಗೆ ಅಮೇರಿಕೆಯ ನ್ಯೂಯಾರ್ಕ್ ರಾಜ್ಯದ ಗವರ್ನರರ ಪತ್ನಿ ಎಲಿನೋರ್ ರೂಸ್‌ವೆಲ್ಟರು 1929 ರಿಂದ 1932 ರ ವರೆಗೆ ತಮ್ಮ ನಡತೆಯಿಂದಲೇ ಕೊಟ್ಟ ಉತ್ತರವನ್ನು ಇಂದು ನಿಮ್ಮ ಮುಂದಿಡಬಯಸುತ್ತೇವೆ.

ಅವರು 1884 ರಲ್ಲಿ ಸಿರಿವಂತ ಮನೆತನದಲ್ಲಿ ಹುಟ್ಟಿದರು. ಆದರೆ ಹತ್ತು ವರುಷ ತುಂಬುವದರೊಳಗೆ ತಾಯಿತಂದೆಗಳಿಬ್ಬರನ್ನೂ ಕಳೆದುಕೊಂಡರು. ಮುಂದೆ ಲಂಡನ್ನಿನ ಬಳಿಯ ಶಾಲೆಯೊಂದರಲ್ಲಿ ಮಾರಿ ಸೂವೆಸ್ತ್ರ್ ಎಂಬ ಗುರುಮಾತೆಯು ಆ ಅಂಜುಕುಳಿ ಬಾಲೆಗೆ ಸ್ವತಂತ್ರವಾಗಿ ವಿಚಾರಿಸುವದನ್ನು ಕಲಿಸಿದರು. ಆ ಋಣವನ್ನು ಎಲಿನೋರರು ತಾವೂ ಶಿಕ್ಷಕಿಯಾಗಿ ತೀರಿಸಿದರು. 1927 ರಲ್ಲಿ ಗೆಳತಿಯರೊಡನೆ ನ್ಯೂಯಾರ್ಕ್ ನಗರದ ಟಾಡ್‌ಹಂಟರ್ ಬಾಲಿಕಾ ಶಾಲೆಯನ್ನು ಕೊಂಡು, ಇತಿಹಾಸ ಸಾಹಿತ್ಯಗಳನ್ನು ಬೋಧಿಸತೊಡಗಿದರು. ಪತಿ ಫ್ರಾಂಕ್ಲಿನ್ನರು ಗವರ್ನರರಾದ ಮೇಲೂ ಪಾಠವನ್ನು ಬಿಡಲಿಲ್ಲ. ವಾರದ ಮೊದಲ ದಿನಗಳಲ್ಲಿ ಶಾಲೆ. ಉಳಿದ ದಿನಗಳಲ್ಲಿ ರಾಜಧಾನಿಯಾದ ಆಲ್ಬನಿಯ ಗವರ್ನರರ ಮನೆ. ಇದು ಅವರ ಕ್ರಮವಾಯಿತು. ಶಿಕ್ಷಕ ಬಂಧುಗಳು ಇದನ್ನು ಮನಸ್ಸಿನಲ್ಲಿಡಬೇಕು.

1921 ರಲ್ಲಿ ಬಂದ ರೋಗದಿಂದ ಫ್ರಾಂಕ್ಲಿನ್ನರ ಕಾಲುಗಳು ಸ್ವಾಧೀನ ತಪ್ಪಿದ್ದವು. ರಾಜ್ಯದ ಆಸ್ಪತ್ರೆ, ಸೆರೆಮನೆಗಳನ್ನು ಪರಿಶೀಲಿಸಲು ಹೋದಾಗ ಅವರು ಮೋಟಾರಿನಲ್ಲಿ ಕುಳಿತು ಹೊರಗಿನ ಆವರಣವನ್ನು ನೋಡುವರು. ಪತ್ನಿಯು ಒಳಗೆ ನಡೆದು ನೋಡಿ ಬಂದು ವರದಿ ಕೊಡುವರು. ಮೊದಮೊದಲು ಆ ವರದಿಯು ಪತಿಗೆ ಒಪ್ಪಿಗೆಯಾಗಲಿಲ್ಲ. ಊಟದ ಪಟ್ಟಿಯನ್ನು ಓದಿ, ರೋಗಿಗಳಿಗೆ ಅದೇ ಸಿಗುವದೆಂದು ಅವರು ನಂಬಿದ್ದರು! ಬರಬರುತ್ತ ಒಲೆಯ ಮೇಲಿನ ಪಾತ್ರೆಯನ್ನು ಇಣಿಕಿ, ಪಟ್ಟಿಯಲ್ಲಿದ್ದುದೇ ಪಾತ್ರೆಯಲ್ಲಿಯೂ ಉಂಟೋ ಎಂದು ನೋಡಕಲಿತರು. ಹಾಸಿಗೆಗಳು ಒತ್ತೊತ್ತಾಗಿವೆಯೇ, ಹಗಲು ಬಾಗಿಲ ಹಿಂದೆ ಮಡಚಿಟ್ಟು ರಾತ್ರಿ ಓಣಿಗಳಲ್ಲಿ ಹಾಸುವರೇ, ನೌಕರರನ್ನು ಕಂಡಾಗ ರೋಗಿಗಳ ಮುಖಭಾವ ಹೇಗಿರುವದು ಎಂಬದನ್ನೆಲ್ಲ ಗಮನಿಸತೊಡಗಿದರು.

ಆಜ್ಞೆ ಮಾಡುವ ಹಕ್ಕು ಅವರಿಗಿರಲಿಲ್ಲ. ಕಂಡದ್ದನ್ನು ಕಂಡಂತೆ ಹೇಳುವದಷ್ಟೇ ಅವರ ಬಲ. ಆ ಬಲವೇನು ಸಣ್ಣದೇ? 1948 ರ ಡಿಸೆಂಬರ 10 ರಂದು ಸಂಯುಕ್ತ ರಾಷ್ಟ್ರಸಂಘವು ಅಂಗೀಕರಿಸಿದ ಮಾನವ ಹಕ್ಕುಗಳ ಘೋಷಣೆಯನ್ನು ರಚಿಸಿದ ಆಯೋಗಕ್ಕೆ ಇವರೇ ಅಧ್ಯಕ್ಷೆಯಾಗಿದ್ದರು. ಲೋಕದ ಹಕ್ಕುಗಳ ಮಾತು ಆಡುವ ಮುನ್ನ ಅವರು ಬಡರೋಗಿಯ ಅನ್ನದ ಪಾತ್ರೆಯನ್ನು ನೋಡಿದ್ದರು.

ಬಂಧುಗಳೇ, ನಮ್ಮಲ್ಲಿ ಬಹುಜನರಿಗೆ ಯಾವ ಪದವಿಯೂ ಇಲ್ಲ. ಆದರೆ ಊರ ಶಾಲೆ, ದವಾಖಾನೆಗಳ ಬಾಗಿಲು ನಮಗೆ ಮುಚ್ಚಿಲ್ಲ. ದಫ್ತರದಲ್ಲಿ ಬರೆದುದನ್ನೇ ನಂಬಿ ಮರಳುವೆವೋ, ಒಲೆಯವರೆಗೆ ನಡೆದು ಮುಚ್ಚಳ ತೆಗೆದು ನೋಡುವೆವೋ? ಇದನ್ನು ನಾವು ನಾವೇ ಕೇಳಿಕೊಳ್ಳಬೇಕಾಗಿದೆ.