ನಾಲಿಗೆಗೂ ಒಂದು ಪಾಠ



ನಮ್ಮ ಬಳ್ಳಾರಿಯ ಹೆಸರಿನಲ್ಲೇ ಉರ್ದುವಿನಲ್ಲಿಲ್ಲದ ಒಂದು ಅಕ್ಷರವಿದೆ. ಅದೇ 'ಳ'. ಇಂಗ್ಲಿಷಿನಲ್ಲಿ 'ಬೆಲ್ಲಾರಿ' ಎಂದಿದ್ದುದನ್ನು ಸರ್ಕಾರ 2014ರ ನವೆಂಬರ್ 1ರಂದು 'ಬಳ್ಳಾರಿ' ಎಂದು ತಿದ್ದಿತು. ಕಾಗದದ ಮೇಲೆ ತಿದ್ದುವುದು ಸುಲಭ, ನಾಲಿಗೆ ತಿದ್ದಲು ಅಭ್ಯಾಸ ಬೇಕು.

ಸಿರುಗುಪ್ಪ ಭತ್ತದ ಸೀಮೆ. 'ಬೆಳೆ ಬಂತು' ಎಂಬುದಕ್ಕೂ 'ಬೆಲೆ ಬಂತು' ಎಂಬುದಕ್ಕೂ ಎಷ್ಟು ಅಂತರವೆಂದು ಅಲ್ಲಿನ ರೈತರನ್ನು ಕೇಳಿ. ಕುರುಗೋಡಿನ ಹೊಲದಲ್ಲಿ ಕೀಳಬೇಕಾದದ್ದು 'ಕಳೆ'ಯೇ ಹೊರತು 'ಕಲೆ' ಅಲ್ಲ.

ಉರ್ದು ಮನೆಮಾತಿನ ಮಕ್ಕಳೇ, ಹೆದರಬೇಡಿ. 'ಡ' ಎನ್ನಲು ನಿಮಗೆ ಬರುತ್ತದೆ. ಆಗ ನಾಲಿಗೆಯ ತುದಿ ಮೇಲಕ್ಕೆ ಮಡಚಿ ಅಂಗಳಕ್ಕೆ ತಾಗುತ್ತದೆ. ಅದನ್ನು ಅಲ್ಲೇ ಇಟ್ಟು, 'ಲ' ಅನ್ನುವಾಗಿನಂತೆ ಉಸಿರನ್ನು ಎರಡೂ ಬದಿಯಿಂದ ಬಿಡಿ. 'ಳ' ತಾನಾಗಿ ಬರುತ್ತದೆ.

ಕನ್ನಡ ಮನೆಮಾತಿನವರಿಗೆ ಉರ್ದುವಿನ 'ಗೈನ್' ಇಷ್ಟೇ ಕಷ್ಟ. ಗಾಫ್‌ನಿಂದ 'ಗುಲ್' ಎಂದರೆ ಹೂವು, ಗೈನ್‌ನಿಂದ ಎಂದರೆ ಗದ್ದಲ! ಮೊದಲು 'ಖೇ' ಅಕ್ಷರದ, ಗಂಟಲಲ್ಲಿ ಉಜ್ಜುವ ಸದ್ದನ್ನು ಕಲಿತು, ಅದಕ್ಕೆ ದನಿ ಸೇರಿಸಬೇಕು. ಪ್ಯಾರಿಸ್ಸಿನವರ 'ರ' ಕೂಡ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಹುಟ್ಟುತ್ತದೆ. ಅದನ್ನು ಕಲಿಯಲು ಇಂಗ್ಲಿಷರೂ ಹೆಣಗುತ್ತಾರೆ. ಅಂದಮೇಲೆ ಇದು ಬುದ್ಧಿಯ ಕೊರತೆಯಲ್ಲ, ರೂಢಿಯ ಮಾತು.

ಸಹಪಾಠಿಗಳು ನಕ್ಕರೆ ಮಗು ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಮಗು ಪ್ರಶ್ನೆ ಕೇಳುವುದಿಲ್ಲ, ಗಣಿತದಲ್ಲೂ ಹಿಂದೆ ಬೀಳುತ್ತದೆ. ಆದ್ದರಿಂದ ನಗಬೇಡಿ, ಜೊತೆಗೆ ಕೂತು ಹತ್ತು ಸಲ ಹೇಳಿಸಿ. ಎರಡು ಭಾಷೆಯ ನಾಡಿನಲ್ಲಿ ಹುಟ್ಟಿದ ನಮಗೆ ಎರಡೂ ನಾಲಿಗೆ ನಮ್ಮವೇ ಆಗಲಿ.