ಕಡಲ ತೀರದ ಸಾವುಗಳೂ ಶ್ರಾವಕನ ಜಲಗಾಲನವೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಇಪ್ಪತ್ತನೆಯ ತೀರ್ಥಂಕರರಾದ ಶ್ರೀ ಮುನಿಸುವ್ರತನಾಥ ಸ್ವಾಮಿಯ ಲಾಂಛನವು ಕೂರ್ಮ. ಪೀಠದಲ್ಲಿ ಕೆತ್ತಿದ ಆ ಪುಟ್ಟ ಆಮೆಯನ್ನು ಕಂಡೇ ಶ್ರಾವಕರು ಇದು ಯಾರ ಬಿಂಬವೆಂದು ಗುರುತಿಸುತ್ತಾರೆ. ಅದೇ ಕುಲದ ಸಾವಿರಕ್ಕೂ ಹೆಚ್ಚು ಜೀವಿಗಳು 2025ರ ಜನವರಿಯಲ್ಲಿ ಚೆನ್ನೈ ಹಾಗೂ ಅದರ ಆಸುಪಾಸಿನ ಕಡಲ ತೀರದಲ್ಲಿ ಸತ್ತು ಬಿದ್ದವು. ಅವು ಆಲಿವ್ ರಿಡ್ಲಿ ಎಂಬ ಕಡಲಾಮೆಗಳು. ಮೊಟ್ಟೆಯಿಡಲು ದಡಕ್ಕೆ ಸಮೀಪಿಸುವ ಋತುವಿನಲ್ಲಿಯೇ ಅವಕ್ಕೆ ಮರಣವೊದಗಿತು. ಈ ಸಾವಿಗೆ ಕಾರಣವೇನು, ಅದರಲ್ಲಿ ಶ್ರಾವಕನ ಹೊಣೆಯೇನು ಎಂಬುದನ್ನು ವಿಚಾರಿಸುವುದು ಈ ಸಂದರ್ಭಕ್ಕೆ ಉಚಿತವಾಗಿದೆ.

ಜಲಚರಗಳು ದಡದಲ್ಲಿ ಸತ್ತು ಬೀಳಲು ಕಾರಣಗಳು ಹಲವು. ರೋಗ, ಚಂಡಮಾರುತ, ಹಡಗಿನ ಪೆಟ್ಟು, ತೈಲದ ಸೋರಿಕೆ, ಆಹಾರವೆಂದು ಭ್ರಮಿಸಿ ನುಂಗಿದ ಪ್ಲಾಸ್ಟಿಕ್ ಇವೆಲ್ಲವೂ ಆ ಪಟ್ಟಿಯಲ್ಲಿವೆ. ಕೆಲವೊಮ್ಮೆ ಕಾರಣವು ಮನುಷ್ಯನ ಅರಿವಿಗೆ ನಿಲುಕದು. ತಮಿಳುನಾಡಿನ ತಿರುಚೆಂದೂರಿನ ಸಮೀಪದ ತೀರದಲ್ಲಿ 1973ರ ಜನವರಿಯಲ್ಲಿ 147 ಪೈಲಟ್ ತಿಮಿಂಗಿಲಗಳು ದಡಕ್ಕೇರಿದವು. 2016ರ ಜನವರಿಯಲ್ಲಿ ಅದೇ ಪ್ರದೇಶದ ಮಣಪಾಡಿನಲ್ಲಿ ಸುಮಾರು 80 ತಿಮಿಂಗಿಲಗಳು ದಡಕ್ಕೆ ಬಂದು, ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಅಸುನೀಗಿದವು. ಇವು ಒಂದನ್ನೊಂದು ಅಗಲದೆ ಗುಂಪಾಗಿ ಬಾಳುವ ಜೀವಿಗಳು; ಒಂದು ದಾರಿ ತಪ್ಪಿದರೆ ಉಳಿದವೂ ಹಿಂಬಾಲಿಸುತ್ತವೆಂದು ಊಹಿಸಲಾಗಿದೆ. ಅಂದು ಅವನ್ನು ಮರಳಿ ಕಡಲಿಗೆ ಒಯ್ಯಲು ಹೆಣಗಿದವರಲ್ಲಿ ಅಲ್ಲಿಯ ಮೀನುಗಾರರೇ ಮುಂದಾಗಿದ್ದರೆಂಬುದನ್ನು ಇಲ್ಲಿ ಸ್ಮರಿಸಬೇಕು. ಬಲೆ ಬೀಸುವವನ ಎದೆಯಲ್ಲಿ ದಯೆ ಇಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ.

ಆದರೆ ಚೆನ್ನೈನ ಕಡಲಾಮೆಗಳ ಸಾವು ಅಂತಹ ರಹಸ್ಯವಲ್ಲ. ಶವಗಳ ಕಣ್ಣುಗಳು ಹೊರಚಾಚಿದ್ದವು, ಕುತ್ತಿಗೆ ಊದಿಕೊಂಡಿತ್ತು. ಪರೀಕ್ಷೆಯಿಂದ ಕಂಡುಬಂದದ್ದು ಅವು ಉಸಿರುಗಟ್ಟಿ ಸತ್ತವೆಂದೇ. ಆಮೆ ಕಡಲಿನಲ್ಲಿ ವಾಸಿಸಿದರೂ ಮೀನಿನಂತೆ ಕಿವಿರುಗಳಿಂದ ಉಸಿರಾಡುವುದಿಲ್ಲ. ಅದಕ್ಕಿರುವುದು ಶ್ವಾಸಕೋಶ, ಮತ್ತೆ ಮತ್ತೆ ಮೇಲೆದ್ದು ಗಾಳಿಯನ್ನು ಪಡೆಯಲೇಬೇಕು. ಟ್ರಾಲ್ ದೋಣಿಯು ಸಿಗಡಿಗಾಗಿ ತನ್ನ ಚೀಲದಂತಹ ಬಲೆಯನ್ನು ಗಂಟೆಗಟ್ಟಲೆ ಕಡಲಿನ ತಳದಲ್ಲಿ ಎಳೆಯುತ್ತದೆ. ಒಳಹೊಕ್ಕ ಆಮೆಯು ಬಿಡಿಸಿಕೊಳ್ಳಲು ಹೆಣಗಿದಷ್ಟೂ ಉಸಿರು ಬೇಗ ತೀರುತ್ತದೆ. ಜಿನಾಗಮವು ಹೇಳುವ ಹತ್ತು ಪ್ರಾಣಗಳಲ್ಲಿ ಶ್ವಾಸೋಚ್ಛ್ವಾಸವೂ ಒಂದು. ಪಂಚೇಂದ್ರಿಯ ಜೀವಿಯೊಂದರ ಆ ಪ್ರಾಣವೇ ಅಲ್ಲಿ ಅಪಹೃತವಾಗುತ್ತದೆ.

ದೋಣಿಯವನಿಗೆ ಆಮೆಯು ಬೇಕಾಗಿರುವುದಿಲ್ಲ. ಕೊಲ್ಲಬೇಕೆಂಬ ಸಂಕಲ್ಪವೂ ಅವನಿಗಿಲ್ಲ. ಸತ್ತ ಆಮೆಯನ್ನು ಅವನು ಹಿಂದಕ್ಕೆಸೆಯುತ್ತಾನೆ. ಆದರೆ ಹಿಂಸೆಯ ಮೂಲವು ಪ್ರಮಾದದಲ್ಲಿದೆಯೆಂದು ಆಚಾರ್ಯರು ಬೋಧಿಸಿದ್ದಾರೆ. ತಪ್ಪಿಸಲು ಸಾಧ್ಯವಿದ್ದ ಸಾವನ್ನು ಅಲಕ್ಷ್ಯದಿಂದ ತಪ್ಪಿಸದಿರುವುದೇ ಪ್ರಮಾದ.

ಈ ಸಾವನ್ನು ತಪ್ಪಿಸಲು ಸಾಧ್ಯವೇ? ಸಾಧ್ಯ. ಬಲೆಯ ಕೊರಳಿನಲ್ಲಿ ಲೋಹದ ಸರಳುಗಳ ಚೌಕಟ್ಟೊಂದನ್ನು ಓರೆಯಾಗಿ ಅಳವಡಿಸುತ್ತಾರೆ. ಸಿಗಡಿಯು ಸರಳುಗಳ ನಡುವೆ ನುಸುಳಿ ಹಿಂದಿನ ಚೀಲವನ್ನು ಸೇರುತ್ತದೆ. ಆಮೆಯು ಸರಳಿಗೆ ತಗುಲಿ, ಅಲ್ಲಿಯೇ ಇರುವ ಕಿಂಡಿಯ ಮೂಲಕ ಹೊರಗೆ ಜಾರುತ್ತದೆ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಭಾರತದ ದೋಣಿಗಳಿಗೆ ಒಪ್ಪುವಂತಹ ಚೌಕಟ್ಟನ್ನು ರೂಪಿಸಿಕೊಟ್ಟಿದೆ. ಶ್ರಾವಕರಿಗೆ ಈ ಕ್ರಮವು ಹೊಸದಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮರಳಿಸುವ ಜಲಗಾಲನವು ಹಿರಿಯರಿಂದ ಬಂದ ಆಚಾರ. ಸೋಸುವುದು ಅರ್ಧ ವ್ರತ. ಜೀವಿಯನ್ನು ಅದರ ನೀರಿಗೆ ತಲುಪಿಸಿದಾಗಲೇ ಅದು ಪೂರ್ಣ. ಆ ಚೌಕಟ್ಟೂ ಕಡಲಿನಲ್ಲಿ ಮಾಡುವ ಜಲಗಾಲನವೇ ಸರಿ.

ಕಾನೂನು ಇಲ್ಲದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಡಲಾಮೆಗೆ ಅತ್ಯುನ್ನತ ರಕ್ಷಣೆಯನ್ನಿತ್ತಿದೆ. ಒಡಿಶಾದ ಗಹಿರ್‌ಮಠವು 1997ರಲ್ಲಿ ಸಾಗರ ಅಭಯಾರಣ್ಯವಾಯಿತು. ಚೆನ್ನೈನಲ್ಲಿ 1988ರಿಂದ ವಿದ್ಯಾರ್ಥಿಗಳ ತಂಡವೊಂದು ರಾತ್ರಿ ತೀರದಲ್ಲಿ ನಡೆದು ಮೊಟ್ಟೆಗಳನ್ನು ಕಾಪಾಡುತ್ತಿದೆ. ಆದರೂ ಚೌಕಟ್ಟಿನಿಂದ ಮೀನೂ ಸಿಗಡಿಯೂ ತಪ್ಪಿಹೋಗುವುವೆಂಬ ಅಂಜಿಕೆ ದೋಣಿಗಳವರಲ್ಲಿದೆ. ವ್ಯಾಪಾರಸ್ಥರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಮೆರಿಕವು 1989ರಲ್ಲಿ ಮಾಡಿದ ಕಾನೂನಿನಂತೆ, ಆಮೆಗಳ ರಕ್ಷಣೆಯ ವ್ಯವಸ್ಥೆ ಸಾಲದೆಂದು, ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಯನ್ನು 2019ರಲ್ಲಿ ನಿರಾಕರಿಸಿತು. ಅನಂತರ ಚೌಕಟ್ಟಿನ ಮಾತಿಗೆ ಬಂದರುಗಳಲ್ಲಿ ಬೆಲೆ ಹೆಚ್ಚಿತು. ಕೊಳ್ಳುವವನ ಕಟ್ಟುನಿಟ್ಟಿಗೆ ಎಷ್ಟು ಬಲವಿದೆಯೆಂಬುದಕ್ಕೆ ಇದೇ ನಿದರ್ಶನ.

ಇಲ್ಲಿ ಒಂದು ಆಕ್ಷೇಪ ಏಳಬಹುದು: ಮತ್ಸ್ಯಾಹಾರವನ್ನು ತೊರೆದ ಜೈನರಿಗೆ ಬಲೆಯ ಗೊಡವೆ ಏಕೆ? ಬಲೆಯ ಸಲಕರಣೆಗೆ ಹಣ ಕೊಟ್ಟರೆ ಹಿಂಸೆಯ ಅನುಮೋದನೆಯಾಗದೆ? ಪ್ರಶ್ನೆಯು ಗಂಭೀರವಾದುದು. ಚೌಕಟ್ಟಿದ್ದರೂ ಸಿಗಡಿಯು ಸಾಯುತ್ತದೆ ಎಂಬುದನ್ನು ಮರೆಮಾಚಬಾರದು. ಆದರೆ ಚೌಕಟ್ಟು ಹಿಡಿಯುವ ಸಾಧನವಲ್ಲ, ಬಿಡುವ ಸಾಧನ. ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯದಾದರೆ, ಅಭಯದಾನವೂ ಹಾಗೆಯೇ. ಡೀಸೆಲ್, ಮಂಜುಗಡ್ಡೆ, ಹಗ್ಗ, ಸಾಲದ ಹಣ ಯಾವ ಅಂಗಡಿಯಿಂದ ದೋಣಿಗೆ ಹೋಯಿತೆಂದು ಲೆಕ್ಕದ ಪುಸ್ತಕವನ್ನು ತೆರೆದು ನೋಡುವ ವರ್ತಕನು, ಬಲೆಯು ತನ್ನಿಂದ ಬಹುದೂರದಲ್ಲಿದೆಯೆಂದು ಹೇಳಲಾರನು. ಅಣುವ್ರತವು ಏಕದೇಶ ವ್ರತ. ಎಲ್ಲ ಜೀವಿಗಳನ್ನೂ ಉಳಿಸಲಾಗದೆಂದು, ಉಳಿಸಬಹುದಾದ ಜೀವಿಯನ್ನು ಕೈಬಿಡಲು ಅದು ನೆಪವಾಗಬಾರದು.

ಉಡುಪಿ ಮತ್ತು ಉತ್ತರ ಕನ್ನಡದ ತೀರಗಳಿಗೂ ಇದೇ ಆಮೆಗಳು ಬಂದು ಮೊಟ್ಟೆಯಿಡುತ್ತವೆ. ಈ ಮಹೋತ್ಸವದಲ್ಲಿ ಕಲಶಗಳಿಗೆ ಉತ್ಸಾಹದಿಂದ ಸವಾಲು ಕೂಗುವ ದಾನಿಗಳು, ಅದರ ಒಂದು ಅಂಶವನ್ನು ಕರಾವಳಿಯ ಕೆಲವು ದೋಣಿಗಳ ಚೌಕಟ್ಟಿಗಾಗಿ ತೆಗೆದಿರಿಸಿದರೆ, ಅಭಿಷೇಕದ ಜಲವು ಕಡಲಿನವರೆಗೂ ಹರಿದಂತಾಗುವುದು. ಮುನಿಸುವ್ರತ ಸ್ವಾಮಿಯ ಪೀಠದ ಮೇಲಿರುವ ಆಮೆಗೆ ಉಸಿರಿನ ಹಂಗಿಲ್ಲ. ಕಡಲಿನಲ್ಲಿರುವ ಆಮೆಗೆ ಇದೆ.

ಸಕಲ ಜೀವಿಗಳಿಗೂ ಅಭಯ ಲಭಿಸಲಿ. ಜಯ ಜಿನೇಂದ್ರ.